ಮಾನಿಟರ್ ಒಡೆದರೆ ದುಪ್ಪಟ್ಟು, ಮಣಿಕಟ್ಟು ಮುರಿದರೆ?

ರೋಗಿ ತೀರಿಕೊಂಡ ಸಿಟ್ಟಿನಲ್ಲಿ ಕಡೆಯವರು ಐಸಿಯು ಮಾನಿಟರ್ ಒಡೆದುಹಾಕಿದರೆ, ಆಸ್ಪತ್ರೆ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯುವ ಕರ್ನಾಟಕದ 2009ರ ಮೂಲ ಕಾಯ್ದೆಯ ಪ್ರಕಾರ ಅದರ ಖರೀದಿ ಬೆಲೆಯ ಎರಡರಷ್ಟು ತೆರಬೇಕು. ತೆರದಿದ್ದರೆ ಭೂಕಂದಾಯದ ಬಾಕಿಯಂತೆ ವಸೂಲಿ. ಅದೇ ಗಲಾಟೆಯಲ್ಲಿ ನರ್ಸ್ ಒಬ್ಬರ ಮಣಿಕಟ್ಟು ಮುರಿದರೆ? ಹೊಡೆದವನಿಗೆ ಜೈಲು, ದಂಡ ಎರಡೂ ಉಂಟು. ಆದರೆ ಪ್ಲಾಸ್ಟರ್ ಹಾಕಿಸಿಕೊಂಡು ವಾರಗಟ್ಟಲೆ ಮನೆಯಲ್ಲಿ ಕೂರುವವರ ಸಂಬಳದ ಮಾತು ಅಲ್ಲಿಲ್ಲ. ಅದಕ್ಕೆ ಬೇರೆ ಬಾಗಿಲು ತಟ್ಟಬೇಕು. ಎರಡೂ ಕಡೆ ಕೇಳುವುದು ಮೊದಲ ರಾತ್ರಿ ಬರೆಸಿದ ಕಾಗದವನ್ನೇ.

ಆದ್ದರಿಂದ ಮೊದಲು ಮೆಡಿಕೋ-ಲೀಗಲ್ ಕೇಸ್ ದಾಖಲೆ, ಅಂದರೆ ಎಂಎಲ್‌ಸಿ. ಸಹೋದ್ಯೋಗಿಯೇ ಡ್ರೆಸಿಂಗ್ ಮಾಡಿ ‘ಮನೆಗೆ ಹೋಗಿ ಮಲಗು ಸಿಸ್ಟರ್’ ಅಂದುಬಿಡುವುದು ಸಾಮಾನ್ಯ. ಅಲ್ಲೇ ಕೇಸು ಅರ್ಧ ಸತ್ತಂತೆ. ಕ್ಯಾಶುಯಲ್ಟಿಯ ರಿಜಿಸ್ಟರಿನಲ್ಲಿ ಗಾಯ ದಾಖಲಾಗಬೇಕು. ‘ಬಿದ್ದು ಪೆಟ್ಟು’ ಎಂದಲ್ಲ, ‘ನೈಟ್ ಡ್ಯೂಟಿಯಲ್ಲಿದ್ದಾಗ, ಇಂಥ ವಾರ್ಡಿನಲ್ಲಿ, ರೋಗಿಯ ಕಡೆಯವರಿಂದ ಹಲ್ಲೆ’ ಎಂದು. ಡ್ಯೂಟಿ ರೋಸ್ಟರಿನ ಪ್ರತಿ ಇಟ್ಟುಕೊಳ್ಳಿ. ಸಿಸಿಟಿವಿಯಲ್ಲಿ ಹಳೆಯ ದೃಶ್ಯದ ಮೇಲೆ ಹೊಸದು ದಾಖಲಾಗುತ್ತಾ ಹೋಗುತ್ತದೆ. ಅದನ್ನು ತೆಗೆದಿಡಿ ಎಂದು ಆಡಳಿತಕ್ಕೆ ಅಂದೇ ಲಿಖಿತವಾಗಿ ಕೇಳಿ.

ನಂತರ ಪೊಲೀಸ್ ದೂರು. 2009ರ ಕಾಯ್ದೆಯಡಿ ಹಲ್ಲೆ ಜಾಮೀನುರಹಿತ ಅಪರಾಧ. ಅದು ಹೆಸರಿಸುವುದು ವೈದ್ಯರು, ನರ್ಸ್‌ಗಳು, ಪ್ಯಾರಾಮೆಡಿಕಲ್ ಸಿಬ್ಬಂದಿ, ವಿದ್ಯಾರ್ಥಿಗಳನ್ನು. ಸೆಕ್ಯುರಿಟಿಯವರಿಗೆ ಪೆಟ್ಟಾದರೂ ಭಾರತೀಯ ನ್ಯಾಯ ಸಂಹಿತೆ ಇದ್ದೇ ಇದೆ: ಗಾಯಕ್ಕೆ 115, ತೀವ್ರ ಗಾಯಕ್ಕೆ 117. ಸರ್ಕಾರಿ ನೌಕರರಾದರೆ 121 ಮತ್ತು 132 ಕೂಡ ಸೇರುತ್ತವೆ. ಕೋಲ್ಕತ್ತದ ಆರ್‌.ಜಿ. ಕರ್ ಆಸ್ಪತ್ರೆಯಲ್ಲಿ ನಡೆದ ವೈದ್ಯೆಯ ಅತ್ಯಾಚಾರ, ಕೊಲೆಯ ಬೆನ್ನಿಗೆ, 2024ರ ಆಗಸ್ಟ್‌ನಲ್ಲಿ, ಹಲ್ಲೆಯಾದ 6 ಗಂಟೆಯೊಳಗೆ ಸಂಸ್ಥೆಯ ಮುಖ್ಯಸ್ಥರೇ ಎಫ್‌ಐಆರ್ ಮಾಡಿಸಬೇಕೆಂದು ಕೇಂದ್ರ ಸರ್ಕಾರಿ ಆಸ್ಪತ್ರೆಗಳಿಗೆ ಆದೇಶ ಹೋಯಿತು. ಖಾಸಗಿ ಆಡಳಿತಗಳಿಗೆ ಆಸ್ಪತ್ರೆಯ ಹೆಸರಿನ ಚಿಂತೆ. ‘ರಾಜಿ ಮಾಡಿಕೊಂಡರಾಯ್ತು ಬಿಡಿ’ ಅನ್ನುವವರೇ ಹೆಚ್ಚು. ಅವರಿಗಾಗಿ ಕಾಯಬೇಕಿಲ್ಲ, ಪೆಟ್ಟು ತಿಂದವರೇ ದೂರು ಕೊಡಬಹುದು. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಎಸ್‌ಪಿಗೆ ಬರೆಯಿರಿ, ಅದೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಿ. ಎಫ್‌ಐಆರ್ ಪ್ರತಿ ಉಚಿತ.

ಇನ್ನು ದುಡ್ಡು. ತಿಂಗಳ ಸಂಬಳ 21,000 ರೂಪಾಯಿ ಮೀರದವರಿಗೆ ಸಾಮಾನ್ಯವಾಗಿ ಇಎಸ್‌ಐ ಇರುತ್ತದೆ. ವಾರ್ಡ್ ಬಾಯ್, ಆಯಾ, ಗುತ್ತಿಗೆಯ ಹೌಸ್‌ಕೀಪಿಂಗ್‌ನವರು, ಎಷ್ಟೋ ಸ್ಟಾಫ್ ನರ್ಸ್‌ಗಳು ಈ ಲೆಕ್ಕಕ್ಕೇ ಬರುತ್ತಾರೆ. ಕೆಲಸದ ವೇಳೆ ಗಾಯವಾದರೆ ಚಿಕಿತ್ಸೆಯ ಜೊತೆಗೆ, ವಾಸಿಯಾಗುವವರೆಗೆ ಸರಾಸರಿ ಕೂಲಿಯ ಶೇ. 90ರಷ್ಟು ಸಿಗುತ್ತದೆ. ಕಾಯಿಲೆ ರಜೆಗೆ ಇಷ್ಟು ದಿನ ವಂತಿಗೆ ಕಟ್ಟಿರಬೇಕೆಂಬ ನಿಯಮವಿದೆ. ಇದಕ್ಕೆ ಅದಿಲ್ಲ, ಸೇರಿದ ಮೊದಲ ದಿನವೇ ಪೆಟ್ಟಾದರೂ ಹಕ್ಕು ಹಕ್ಕೇ. ಕನಿಷ್ಠ ಮೂರು ದಿನ ಕೆಲಸ ಮಾಡಲಾಗದಂಥ ಗಾಯವಾಗಿರಬೇಕು, ಅಷ್ಟೆ. ಅಪಘಾತದ ವರದಿ ಕಳುಹಿಸುವ ಹೊಣೆ ಮಾಲೀಕರದು. ಅದನ್ನು ಕಳುಹಿಸಿದರೇ ಎಂದು ಕೇಳಿ ತಿಳಿದುಕೊಳ್ಳುವ ಕೆಲಸ ಮಾತ್ರ ನಿಮ್ಮದೇ.

‘ಇದು ಹೊಡೆದಾಟ, ಅಪಘಾತ ಹೇಗಾಗುತ್ತೆ?’ ಎಂದು ಎಚ್‌ಆರ್‌ನವರು ತಗಾದೆ ತೆಗೆಯಬಹುದು. ಹೊಡೆದವನಿಗೆ ಉದ್ದೇಶವಿತ್ತು ನಿಜ. ತಿಂದವರಿಗೆ ಅದು ಅನಿರೀಕ್ಷಿತವೇ. 2000ರ ರೀಟಾ ದೇವಿ ಪ್ರಕರಣದಲ್ಲಿ, ಆಟೋ ಕದಿಯಲು ಬಂದವರು ಚಾಲಕನನ್ನು ಕೊಂದದ್ದನ್ನೂ ಸುಪ್ರೀಂ ಕೋರ್ಟ್ ಅಪಘಾತವೆಂದೇ ಎಣಿಸಿತು. ಅದು ಮೋಟಾರು ವಾಹನ ಪರಿಹಾರದ ಪ್ರಕರಣವಾದರೂ ತರ್ಕ ಇಲ್ಲಿಗೂ ಹೊಂದುತ್ತದೆ. ಆ ಜಗಳ ನಿಮ್ಮ ಕೆಲಸದಿಂದ ಹುಟ್ಟಿದ್ದೇ, ಸ್ವಂತ ವೈಮನಸ್ಯದ್ದೇ ಎಂಬುದೇ ಮುಖ್ಯ ಪ್ರಶ್ನೆ. ಎಂಎಲ್‌ಸಿಯಲ್ಲಿ ‘ಡ್ಯೂಟಿಯಲ್ಲಿದ್ದಾಗ’ ಎಂದು ಬರೆಸಿ ಅಂದದ್ದು ಇದಕ್ಕೇ.

ಇಎಸ್‌ಐ ಇಲ್ಲದವರು ನೌಕರರ ಪರಿಹಾರಕ್ಕೆ ಅರ್ಹರೇ ಎಂದು ವಕೀಲರನ್ನು ಕೇಳಬೇಕು; ಅರ್ಜಿಗೆ ಎರಡು ವರ್ಷದ ಗಡುವಿದೆ. ಆಶಾ ಕಾರ್ಯಕರ್ತೆಯರದು ಇನ್ನೂ ಕಷ್ಟ, ಸರ್ಕಾರ ಅವರನ್ನು ನೌಕರರೆಂದು ಒಪ್ಪಿಯೇ ಇಲ್ಲ. ಅಂಥವರಿಗೂ ಉಳಿಯುವ ದಾರಿ ಸಂತ್ರಸ್ತರ ಪರಿಹಾರ ಯೋಜನೆ. ಹಲ್ಲೆಕೋರ ಪತ್ತೆಯಾಗದೆ ವಿಚಾರಣೆಯೇ ನಡೆಯದಿದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ವಕೀಲರ ಫೀಸಿಗೆ ಹೆದರಿ ಸುಮ್ಮನಾಗುವ ನರ್ಸ್‌ಗಳು ಇದನ್ನು ತಿಳಿದಿರಲಿ: ಅದೇ ಪ್ರಾಧಿಕಾರ ಮಹಿಳೆಯರಿಗೆ, ಅವರ ಆದಾಯ ಎಷ್ಟೇ ಇರಲಿ, ಉಚಿತವಾಗಿ ವಕೀಲರನ್ನು ಕೊಡುತ್ತದೆ.