ಸರ್ವರ್ ಸರಿ ಇದ್ದರೂ ಸ್ಪ್ಯಾಮ್ ಏಕೆ?

ಪ್ರಶ್ನೆ: ಕೋಟದ ನಮ್ಮ ಗೇರುಬೀಜ ಕಾರ್ಖಾನೆಯಿಂದ ಸ್ವಂತ ಡೊಮೇನಿನಲ್ಲಿ ಕಳುಹಿಸುವ ಬಿಲ್ಲುಗಳು ಗಿರಾಕಿಗಳ ಜಿಮೇಲ್‌ನಲ್ಲಿ ಸ್ಪ್ಯಾಮ್‌ಗೆ ಬೀಳುತ್ತವೆ. ಸರ್ವರ್ ಸರಿಯಾಗಿಯೇ ಇದೆ. ಏಕೆ ಹೀಗೆ?

ಉತ್ತರ: ಲಕೋಟೆಯ ಹಿಂದೆ ಯಾರ ವಿಳಾಸವನ್ನಾದರೂ ಬರೆಯಬಹುದಲ್ಲ, ಇಮೇಲ್ ಕೂಡ ಹಾಗೆಯೇ. ಆದ್ದರಿಂದ ಜಿಮೇಲ್ ನಿಮ್ಮ ಡೊಮೇನಿನ ಡಿಎನ್‌ಎಸ್‌ನಲ್ಲಿ ಸಾಕ್ಷಿ ಹುಡುಕುತ್ತದೆ. ಯಾವ ಸರ್ವರುಗಳಿಗೆ ಕಳುಹಿಸುವ ಹಕ್ಕಿದೆ ಎಂಬ ಪಟ್ಟಿ ಎಸ್‌ಪಿಎಫ್. ಪತ್ರದ ಮೇಲಿನ ಡಿಜಿಟಲ್ ಸಹಿ ಡಿಕಿಮ್. ಇವೆರಡೂ ತಾಳೆಯಾಗದಿದ್ದರೆ ಏನು ಮಾಡಬೇಕೆಂಬ ಸೂಚನೆ ಡಿಮಾರ್ಕ್. 2024ರ ಫೆಬ್ರವರಿಯಿಂದ ಗೂಗಲ್, ಯಾಹೂ ಈ ತಪಾಸಣೆಯನ್ನು ಬಿಗಿ ಮಾಡಿವೆ. ಜಿಮೇಲ್‌ಗೆ ದಿನಕ್ಕೆ 5,000ಕ್ಕೂ ಹೆಚ್ಚು ಪತ್ರ ಕಳುಹಿಸುವವರಿಗೆ ಮೂರೂ ಕಡ್ಡಾಯ. ಉಳಿದವರಿಗೆ ಮೊದಲೆರಡರಲ್ಲಿ ಒಂದಾದರೂ ಬೇಕು.

ಹೆಚ್ಚಾಗಿ ಎಡವಟ್ಟಾಗುವುದು ಬಿಲ್ಲಿಂಗ್ ತಂತ್ರಾಂಶದಲ್ಲಿ. ಅದು ಬೇರೆಯೇ ಸರ್ವರಿನಿಂದ ಪತ್ರ ಕಳುಹಿಸುತ್ತದೆ, ಆ ಸರ್ವರ್ ಎಸ್‌ಪಿಎಫ್ ಪಟ್ಟಿಯಲ್ಲಿ ಇರುವುದಿಲ್ಲ. ಹಾಗೆಂದು ಎರಡನೆಯ ಎಸ್‌ಪಿಎಫ್ ದಾಖಲೆ ಸೇರಿಸಬೇಡಿ! ಒಂದು ಡೊಮೇನಿಗೆ ಒಂದೇ. ಎರಡಾದರೆ ಎರಡೂ ಕೆಟ್ಟಂತೆ.

ತಪ್ಪು ಎಲ್ಲಿದೆ ಎಂದು ತಿಳಿಯಲು ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದು, ಸ್ಪ್ಯಾಮ್‌ಗೆ ಬಿದ್ದ ಪತ್ರದ ಮೂರು ಚುಕ್ಕಿ ಒತ್ತಿ 'ಶೋ ಒರಿಜಿನಲ್' ನೋಡಿ. ಮೂರರಲ್ಲಿ ಯಾವುದು ಫೇಲ್ ಎಂದು ಅಲ್ಲೇ ಕಾಣುತ್ತದೆ. ಎಲ್ಲವೂ ಪಾಸ್ ಆಗುವವರೆಗೆ ಡಿಮಾರ್ಕನ್ನು 'ರಿಜೆಕ್ಟ್'ಗೆ (ತಿರಸ್ಕರಿಸು) ಮಾತ್ರ ಹಾಕಬೇಡಿ.