ಕೀಲಿ ಒಬ್ಬರ ಕೈಯಲ್ಲಿ, ಹೊಣೆ ಇನ್ನೊಬ್ಬರ ತಲೆಯ ಮೇಲೆ

ಸೇವೆಯಲ್ಲಿದ್ದಾಗ ಸರ್ಕಾರಿ ಕಟ್ಟಡವೊಂದರ ಕಾಮಗಾರಿ ಪರಿಶೀಲನೆಗೆ ಹೋಗಿದ್ದೆ. ನಿವೇಶನದ ಮೂಲೆಯಲ್ಲಿ ಬೀಗ ಹಾಕಿದ ತಗಡಿನ ಶೆಡ್ಡೊಂದಿತ್ತು. ಡೀಸೆಲ್ ವಾಸನೆ ಹೊರಗೇ ಮೂಗಿಗೆ ಬಡಿಯುತ್ತಿತ್ತು. ಶೆಡ್ಡಿನ ಹಿಂಬದಿಗೆ ಆತುಕೊಂಡಿದ್ದ ಗುಡಿಸಲುಗಳಲ್ಲಿ ರಾಯಚೂರು ಕಡೆಯ ಕಾರ್ಮಿಕರು ಒಲೆ ಹಚ್ಚಿ ರೊಟ್ಟಿ ಸುಡುತ್ತಿದ್ದರು. ಬೀಗ ತೆಗೆಸಿ ಎಂದೆ. 'ಅದು ಉಪಗುತ್ತಿಗೆದಾರರ ಸಾಮಾನು ಸಾರ್. ಕೀಲಿ ಅವರ ಹತ್ತಿರವೇ ಇದೆ, ಅವರು ಊರಿಗೆ ಹೋಗಿದ್ದಾರೆ' ಎಂದು ಮುಖ್ಯ ಗುತ್ತಿಗೆದಾರರ ಮೇಲ್ವಿಚಾರಕ ಕೈಚೆಲ್ಲಿದ. ಅಲ್ಲಿ ಅನಾಹುತವೇನೂ ಸಂಭವಿಸಲಿಲ್ಲ, ನಿಜ. ಆದರೆ ಅದು ನಮ್ಮ ಜಾಗ್ರತೆಯ ಫಲವಾಗಿರಲಿಲ್ಲ.

ಇಂದು ಬೆಂಗಳೂರಿನಲ್ಲಿ ಏಳುವ ಯಾವುದೇ ಬಹುಮಹಡಿ ಕಟ್ಟಡವನ್ನು ಒಬ್ಬರೇ ಕಟ್ಟುವುದಿಲ್ಲ. ಕಬ್ಬಿಣ ಕಟ್ಟುವವರು, ಬೆಸುಗೆ ಹಾಕುವವರು, ಬಣ್ಣ ಬಳಿಯುವವರು, ಲಿಫ್ಟ್ ಅಳವಡಿಸುವವರು, ಹೀಗೆ ಪ್ರತಿಯೊಂದಕ್ಕೂ ಪ್ರತ್ಯೇಕ ಉಪಗುತ್ತಿಗೆ. ಪ್ರತಿಯೊಬ್ಬರಿಗೂ ಪ್ರತ್ಯೇಕ ದಾಸ್ತಾನು. ಡೀಸೆಲ್, ಥಿನ್ನರ್, ಆಮ್ಲಜನಕ ಮತ್ತು ಅಸಿಟಲಿನ್ ಸಿಲಿಂಡರುಗಳು ಅಕ್ಕಪಕ್ಕದ ಕೋಣೆಗಳಲ್ಲಿರುತ್ತವೆ. ಒಂದು ಕೋಣೆಯಲ್ಲಿ ಏನಿದೆಯೆಂಬುದು ಪಕ್ಕದವರಿಗೆ ತಿಳಿಯದು.

ಕಾನೂನಿನ ಲೆಕ್ಕಾಚಾರವೂ ಇಲ್ಲಿ ನೆರವಾಗುವುದಿಲ್ಲ. 1934ರ ಪೆಟ್ರೋಲಿಯಂ ಕಾಯ್ದೆಯ ಪ್ರಕಾರ ಒಬ್ಬ ವ್ಯಕ್ತಿ ಒಂದು ಸ್ಥಳದಲ್ಲಿ 2,500 ಲೀಟರ್‌ವರೆಗೆ ಡೀಸೆಲನ್ನು ಪರವಾನಗಿಯಿಲ್ಲದೆ ಇಟ್ಟುಕೊಳ್ಳಬಹುದು. ಯಾವ ಪಾತ್ರೆಯೂ 1,000 ಲೀಟರ್ ಮೀರಬಾರದು. ನಾಲ್ವರು ಉಪಗುತ್ತಿಗೆದಾರರು ತಲಾ 2,000 ಲೀಟರ್ ಇಟ್ಟರೆಂದು ಭಾವಿಸೋಣ. ಪ್ರತಿಯೊಬ್ಬರೂ ಮಿತಿಯೊಳಗೇ ಇದ್ದಾರೆ. ನಿವೇಶನದಲ್ಲಿ ಮಾತ್ರ 8,000 ಲೀಟರ್ ಇದೆ. ಕಾನೂನು ತಲೆ ಎಣಿಸುತ್ತದೆ, ಬೆಂಕಿ ಎಣಿಸುವುದಿಲ್ಲ.

ಅರ್ಥಶಾಸ್ತ್ರದಲ್ಲಿ ಇದನ್ನು ಬಾಹ್ಯ ವೆಚ್ಚ ಎನ್ನುತ್ತೇವೆ. ಸುರಕ್ಷಿತ ಗೋದಾಮು ಕಟ್ಟದೆ ಹಣ ಉಳಿಸುವವರು ಒಬ್ಬರು. ಅದರ ಬೆಲೆ ತೆರುವವರು ಗೋಡೆಯಾಚೆ ಮಲಗಿದವರು. 2021ರ ಫೆಬ್ರುವರಿಯಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಳ್ಳಿಯಲ್ಲಿ ಕಲ್ಲುಗಣಿಗೆಂದು ಅಕ್ರಮವಾಗಿ ಇರಿಸಿದ್ದ ಜಿಲೆಟಿನ್ ಸಿಡಿದು 6 ಮಂದಿ ಸತ್ತರು. ಅದು ಕಟ್ಟಡದ ನಿವೇಶನವಲ್ಲ. ಆದರೆ ಕಣ್ಣಿಗೆ ಬೀಳದ ದಾಸ್ತಾನು ಏನು ಮಾಡಬಲ್ಲದೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕಿಲ್ಲ.

1996ರ ಕಟ್ಟಡ ಕಾರ್ಮಿಕರ ಕಾಯ್ದೆಯ ಸ್ಥಾನಕ್ಕೆ 2025ರ ನವೆಂಬರ್ 21ರಿಂದ ಔದ್ಯೋಗಿಕ ಸುರಕ್ಷತಾ ಸಂಹಿತೆ ಬಂದಿದೆ. 250 ಅಥವಾ ಹೆಚ್ಚು ಕಾರ್ಮಿಕರಿರುವ ನಿರ್ಮಾಣ ಕಾಮಗಾರಿಗೆ ಸುರಕ್ಷತಾ ಅಧಿಕಾರಿ ಇರಬೇಕೆಂದು ಅದು ಹೇಳುತ್ತದೆ. ಸರ್ಕಾರಿ ಇನ್‌ಸ್ಪೆಕ್ಟರಿಗೆ ಒಳಹೊಕ್ಕು ನೋಡುವ ಅಧಿಕಾರವೂ ಇದೆ. ಆದರೆ ಆತ ಎಂದೋ ಒಮ್ಮೆ ಬರುವವನು. ಪ್ರತಿದಿನ ನೋಡಬೇಕಾದ ಸುರಕ್ಷತಾ ಅಧಿಕಾರಿಗೆ ಉಪಗುತ್ತಿಗೆದಾರನ ಬೀಗ ತೆಗೆಸುವ ಹಕ್ಕು ಒಪ್ಪಂದದ ಕಾಗದದಲ್ಲಿ ಸ್ಪಷ್ಟವಾಗಿರದಿದ್ದರೆ, ಆತನ ಹುದ್ದೆ ಹೆಸರಿಗಷ್ಟೇ. ಸರ್ಕಾರಿ ಕಾಮಗಾರಿಗಳಲ್ಲಂತೂ ಇನ್ನೊಂದು ತೊಡಕಿದೆ. ಲಿಖಿತ ಅನುಮತಿಯಿಲ್ಲದೆ ಉಪಗುತ್ತಿಗೆ ಕೊಡುವಂತಿಲ್ಲ ಎಂಬ ಷರತ್ತು ಇರುತ್ತದೆ. ಅನುಮತಿ ಪಡೆಯದೆ ಬಂದ ಉಪಗುತ್ತಿಗೆದಾರ ಕಡತದಲ್ಲಿಲ್ಲ. ಅವನೇ ಇಲ್ಲದಮೇಲೆ ಅವನ ದಾಸ್ತಾನು ಎಲ್ಲಿಂದ ಬರಬೇಕು?

ಸಣ್ಣ ಉಪಗುತ್ತಿಗೆದಾರರ ಆತಂಕವನ್ನೂ ನಾನು ಬಲ್ಲೆ. ತಪಾಸಣೆಯ ನೆಪದಲ್ಲಿ ಬಿಲ್ಲು ತಡೆಹಿಡಿದಾರು, ಸಾಮಾನು ಕಾಣೆಯಾದೀತು ಎಂಬ ಭಯ ಅವರದು. ಅದು ನಿರಾಧಾರವಲ್ಲ. ಆದ್ದರಿಂದ ತಪಾಸಣೆ ಅವರ ಪ್ರತಿನಿಧಿಯ ಎದುರಿನಲ್ಲೇ ನಡೆಯಲಿ, ಕಂಡದ್ದನ್ನು ಬರೆದು ಇಬ್ಬರೂ ಸಹಿ ಹಾಕಲಿ, ಬಿಲ್ಲಿಗೂ ಅದಕ್ಕೂ ನಂಟು ಬೇಡ. ಆದರೆ ಪ್ರತಿನಿಧಿ ಊರಲ್ಲಿಲ್ಲವೆಂಬುದು ಬೀಗ ತೆಗೆಯದಿರಲು ಕಾರಣವಾಗಬಾರದು. ಜೋಡಿ ಕೀಲಿ ಸುರಕ್ಷತಾ ಅಧಿಕಾರಿಯ ಬಳಿ ಇರಲಿ. ಇಡೀ ನಿವೇಶನದ ಅಪಾಯಕಾರಿ ದಾಸ್ತಾನಿಗೆ ಒಂದೇ ವಹಿ ಇರಲಿ, ಮಿತಿಯನ್ನು ನಿವೇಶನಕ್ಕೇ ಅನ್ವಯಿಸಲಿ. ಕಾರ್ಮಿಕರ ಪ್ರತಿನಿಧಿಗೂ ಆ ವಹಿ ನೋಡುವ ಹಕ್ಕಿರಲಿ. ಗೋಡೆಯಾಚೆ ಮಲಗುವವರು ಅವರೇ ತಾನೆ.

ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ. ಟೆಂಡರ್ ದಸ್ತಾವೇಜಿಗೆ ಒಂದು ಪುಟ ಸೇರಿಸಿದರೆ ಸಾಕು. ಸರ್ಕಾರವೇ ದೊಡ್ಡ ಕಟ್ಟಡಗಳ ಒಡೆಯನಾಗಿರುವಾಗ ಆ ಪುಟವನ್ನು ಅದೇ ಮೊದಲು ಬರೆಯಬೇಕು. ಅಧಿಕಾರದಲ್ಲಿದ್ದಾಗ ನಾನು ಅದನ್ನು ಬರೆಯಲಿಲ್ಲ. ಅಂದು ಬೀಗ ನೋಡಿ ಹಿಂತಿರುಗಿದ್ದು ನನ್ನ ಕರ್ತವ್ಯಲೋಪವೂ ಹೌದು.