ನಿಮಗಿದು ಗೊತ್ತೆ? ನಾಸ್ಕಾರ್ ಗ್ಯಾಲರಿ ಖಾಲಿಯಾದದ್ದೇಕೆ

ಷೋರೂಮ್‌ನಲ್ಲಿ ಮಾರುವಂಥ ಕಾರುಗಳನ್ನೇ ಓಡಿಸುವ ಪಂದ್ಯವಾಗಿ ಶುರುವಾದದ್ದು ಸ್ಟಾಕ್ ಕಾರ್ ರೇಸ್. ಅಮೆರಿಕದಲ್ಲಿ ಇದನ್ನು ನಡೆಸುವ ನಾಸ್ಕಾರ್ ಸ್ಥಾಪನೆಯಾದದ್ದು 1948ರಲ್ಲಿ.

ನಾಸ್ಕಾರ್‌ನ 1979ರ ಡೇಟೋನಾ 500 ಪಂದ್ಯದ ಕೊನೆಯ ಸುತ್ತಿನಲ್ಲಿ ಮುಂದಿದ್ದ ಎರಡು ಕಾರುಗಳು ಡಿಕ್ಕಿ ಹೊಡೆದವು. ಹಿಂದಿದ್ದ ರಿಚರ್ಡ್ ಪೆಟ್ಟಿ ಗೆದ್ದರೆ, ಅತ್ತ ಡಿಕ್ಕಿಯಾದ ಕಾರುಗಳ ಚಾಲಕರು ಹುಲ್ಲಿನ ಮೇಲೆ ಕೈಕೈ ಮಿಲಾಯಿಸಿದರು. ಟಿ.ವಿ.ಯಲ್ಲಿ ನೇರ ನೋಡಿದ ಜನ ಆಟಕ್ಕೆ ಮರುಳಾದರು.

ಆ ಮೋಡಿ ಇಳಿದದ್ದೇಕೆ?

• ದಕ್ಷಿಣದ ಹಳೆಯ ಟ್ರ್ಯಾಕ್‌ಗಳನ್ನು ಕೈಬಿಟ್ಟದ್ದು: 1996ರಲ್ಲಿ ನಾರ್ತ್ ವಿಲ್ಕ್ಸ್‌ಬರೊ, 2004ರಲ್ಲಿ ರಾಕಿಂಗ್‌ಹ್ಯಾಮ್.

• 2004ರಲ್ಲಿ ಬಂದ ಪ್ಲೇಆಫ್ ಪದ್ಧತಿ. ಇಡೀ ವರ್ಷ ಗಳಿಸಿದ ಮುನ್ನಡೆ ಕೊನೆಯ ಹತ್ತು ಪಂದ್ಯಗಳ ಹೊತ್ತಿಗೆ ಕರಗಿಹೋಗುತ್ತಿತ್ತು.

• 2007ರ ಹೊಸ ಕಾರು ವಿನ್ಯಾಸ. ಫೋರ್ಡ್, ಷೆವ್ರೊಲೆ, ಟೊಯೊಟಾ ಎಲ್ಲವೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಕಂಡವು.

• 2008ರ ಆರ್ಥಿಕ ಹಿಂಜರಿತ. ದೂರದೂರಿನಿಂದ ಬರುತ್ತಿದ್ದ ಅಭಿಮಾನಿಗಳ ಜೇಬಿಗೆ ಕತ್ತರಿ ಬಿತ್ತು.

• 2015–17ರ ನಡುವೆ ಜೆಫ್ ಗಾರ್ಡನ್, ಟೋನಿ ಸ್ಟೀವರ್ಟ್, ಡೇಲ್ ಅರ್ನ್‌ಹಾರ್ಟ್ ಜೂನಿಯರ್ ಪೂರ್ಣಾವಧಿ ಸ್ಪರ್ಧೆಯಿಂದ ನಿವೃತ್ತರಾದದ್ದು.

2016ರಲ್ಲಿ ನವೀಕರಣಗೊಂಡ ಡೇಟೋನಾ ಕ್ರೀಡಾಂಗಣದ ಆಸನಗಳು ಸುಮಾರು 1 ಲಕ್ಷಕ್ಕೆ ಇಳಿದವು. ಅಭಿಮಾನಿಗಳು ಬಿಡದೆ ಕೇಳುತ್ತಿದ್ದ ನಾರ್ತ್ ವಿಲ್ಕ್ಸ್‌ಬರೊಗೆ 2023ರಲ್ಲಿ ಆಲ್‌ಸ್ಟಾರ್ ಪಂದ್ಯದ ಮೂಲಕ ನಾಸ್ಕಾರ್ ಮರಳಿತು.